ಬಾಕಿ ಕೊಡಬೇಕಾದವರಿಗೂ ನಾಲ್ಕು ಮಾತು ಬರೆಯಿರಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಾಲ ಹದಗೆಟ್ಟಾಗ ಚಿಕ್ಕ ಉದ್ಯಮಗಳು ಹೇಗೆ ತಡೆದುಕೊಳ್ಳಬೇಕು ಅಂತ ನಿಮ್ಮ ವಾಣಿಜ್ಯ ಪುಟದಲ್ಲಿ ಆಗಾಗ ಲೇಖನಗಳು ಬರುತ್ತವೆ. ನಾನು ತಪ್ಪದೆ ಓದುತ್ತೇನೆ. ಖರ್ಚು ಕಡಿಮೆ ಮಾಡಿ, ಆರು ತಿಂಗಳಿಗಾಗುವಷ್ಟು ಹಣ ಎತ್ತಿಡಿ, ಒಂದೇ ಗಿರಾಕಿಯನ್ನು ನಂಬಿ ಕೂರಬೇಡಿ, ಸಾಲ ಹಗುರಾಗಿರಲಿ. ಎಲ್ಲವೂ ಸರಿಯಾದ ಮಾತೇ. ಆದರೆ ಈ ಬುದ್ಧಿಮಾತೆಲ್ಲ ಹೋಗುವುದು ಕಷ್ಟದಲ್ಲಿರುವವರ ಕಡೆಗೆ ಮಾತ್ರ. ಅವರಿಗೆ ಕೊಡಬೇಕಾದ ದುಡ್ಡನ್ನು ಹಿಡಿದು ಕೂತವರಿಗೆ ಯಾರೂ ಏನೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಚಿಕ್ಕ ಕಾರ್ಖಾನೆಗಳ, ವರ್ಕ್‌ಶಾಪ್‌ಗಳ ಲೆಕ್ಕ ಬರೆಯುವವಳು. ಹತ್ತು, ಇಪ್ಪತ್ತು ಜನ ಕೆಲಸ ಮಾಡುವ ಜಾಗಗಳು. ಕೆಂಪು ರಟ್ಟಿನ ಲೆಡ್ಜರ್ ಕಾಲದಿಂದ ಇವತ್ತಿನವರೆಗೆ ಇದೇ ನನ್ನ ಕೆಲಸ. 2008ರ ಕುಸಿತ, 2020ರ ಕೊರೊನಾ ಎರಡನ್ನೂ ಈ ಲೆಕ್ಕದ ಪುಸ್ತಕಗಳ ಒಳಗಿನಿಂದ ನೋಡಿದ್ದೇನೆ. ನನ್ನ ಕಣ್ಣೆದುರೇ ಬಾಗಿಲು ಹಾಕಿದ ಉದ್ಯಮಗಳಲ್ಲಿ ನಷ್ಟದಿಂದ ಮುಚ್ಚಿದವು ಕಡಿಮೆ. ಉಳಿದವಕ್ಕೆ ಆರ್ಡರ್ ಇತ್ತು. ಪುಸ್ತಕದಲ್ಲಿ ಲಾಭವೂ ಇತ್ತು. ಬಿಲ್ಲಿನ ದುಡ್ಡು ಮಾತ್ರ ಬಂದಿರಲಿಲ್ಲ.

ಪ್ರತಿ ತಿಂಗಳ ಕೊನೆಗೆ ನಾನು ಒಂದು ಬಾಕಿ ಪಟ್ಟಿ ತೆಗೆಯುತ್ತೇನೆ. ಎಡಗಡೆ ಪಾರ್ಟಿಯ ಹೆಸರು. ಪಕ್ಕದಲ್ಲಿ ನಾಲ್ಕು ಕಾಲಂ: 30 ದಿನದೊಳಗಿನ ಬಿಲ್, 60ರೊಳಗಿನದು, 90ರೊಳಗಿನದು, 90 ದಾಟಿದ್ದು. ಕಾಲ ಚೆನ್ನಾಗಿದ್ದಾಗ ದುಡ್ಡೆಲ್ಲ ಮೊದಲ ಎರಡು ಕಾಲಂನಲ್ಲೇ ಇರುತ್ತದೆ. ಮಾರುಕಟ್ಟೆ ಬಿಗಿಯಾಗುತ್ತಿದೆ ಅನ್ನುವುದು ಪೇಪರಿನಲ್ಲಿ ಬರುವ ಮೊದಲೇ ಈ ಹಾಳೆಯಲ್ಲಿ ಗೊತ್ತಾಗುತ್ತದೆ. ಅಂಕಿಗಳು ಒಂದೊಂದೇ ಬಲಗಡೆಗೆ ಸರಿಯುತ್ತವೆ. ಮಾರಾಟ ಅಷ್ಟೇ ಇದೆ, ಒಟ್ಟು ಬಾಕಿ ಏರುತ್ತಿದೆ. ಒಂದು ತಿಂಗಳು ಹಾಗಾದರೆ ಚಿಂತೆ ಬೇಡ. ಮೂರು ತಿಂಗಳು ಸತತ ಬಲಕ್ಕೇ ಸರಿದರೆ ಆ ಉದ್ಯಮದ ಮಾಲೀಕರನ್ನು ಕೂರಿಸಿಕೊಂಡು ಮಾತಾಡುತ್ತೇನೆ.

ಆಮೇಲೆ ವಸೂಲಿಗೆ ಫೋನ್ ಮಾಡುವ ಕೆಲಸ. ಆ ಕಡೆಯಿಂದ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ. "ಮೇಡಂ, ಬಿಲ್ ಇನ್ನೂ ಪಾಸ್ ಆಗಿಲ್ಲ." "ಸ್ಟೋರ್ಸ್‌ನವರು ಜಿಆರ್‌ಎನ್ (ಮಾಲು ತಲುಪಿದ ಚೀಟಿ) ಹಾಕಿಲ್ಲ." "ಸಾಹೇಬ್ರು ಊರಲ್ಲಿಲ್ಲ, ಸಹಿ ಆಗಬೇಕು." "ಪೇಮೆಂಟ್ ಹತ್ತನೇ ತಾರೀಖು ಮಾತ್ರ. ಈ ಸಲದ್ದು ಹೋಯ್ತಲ್ಲ, ಮುಂದಿನ ತಿಂಗಳು ನೋಡೋಣ." ಫೋನ್ ಎತ್ತುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನವರು ಹೇಳಿಕೊಟ್ಟಿದ್ದನ್ನು ಅವರು ಹೇಳುತ್ತಾರೆ. ಬಿಲ್ಲಿನಲ್ಲಿ ತಪ್ಪೇನಾದರೂ ಇದ್ದರೆ ಸರಕು ತಲುಪಿದ ವಾರವೇ ತಿಳಿಸಬಹುದಿತ್ತು. 58ನೇ ದಿನ ನಾವಾಗಿ ಫೋನ್ ಮಾಡಿದಾಗಲೇ ಅದು ಗೊತ್ತಾಗುತ್ತದೆ ಅಂದರೆ, ಆ ಬಿಲ್ಲನ್ನು ಅಲ್ಲಿಯವರೆಗೆ ಯಾರೂ ನೋಡಿಲ್ಲ ಅಂತಲೇ ಅರ್ಥ.

ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಲೆಕ್ಕ ಬಹಳ ವರ್ಷ ನನ್ನ ಕೈಯಲ್ಲಿತ್ತು. ಅವರ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೊಡ್ಡ ಕಂಪನಿಗೆ ಹೋಗುತ್ತಿತ್ತು. ಕೊರೊನಾ ಆದ ಮೇಲೆ ಆ ಕಂಪನಿಯಿಂದ ಎರಡು ಸಾಲಿನ ಮೇಲ್ ಬಂತು. ಇನ್ನು ಮುಂದೆ ಎಲ್ಲ ಸಪ್ಲೈಯರ್‌ಗಳಿಗೂ 120 ದಿನಕ್ಕೆ ಪೇಮೆಂಟ್, ಸಹಕರಿಸಿ ಅಂತ. ಕೇಳುವುದೂ ಇಲ್ಲ, ಒಪ್ಪಿಗೆಯೂ ಬೇಕಿಲ್ಲ. ಮಾಲೀಕರು ಸಂಬಳ ನಿಲ್ಲಿಸಲಿಲ್ಲ. ಹಲ್ಲು ಕಚ್ಚಿಕೊಂಡು ಬ್ಯಾಂಕಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಕೊಡುವ ಸಾಲ) ಮಿತಿ ಮುಟ್ಟುವವರೆಗೆ ಎಳೆದರು, ಆಮೇಲೆ ಮನೆ ಅಡವಿಟ್ಟರು. ಕಾರ್ಖಾನೆ ಮುಚ್ಚಿದ ದಿನ ಅವರಿಗೆ ಬರಬೇಕಿದ್ದ ಬಾಕಿ ಅವರ ಒಟ್ಟು ಸಾಲಕ್ಕಿಂತ ಜಾಸ್ತಿ ಇತ್ತು. ಆ ದೊಡ್ಡ ಕಂಪನಿ ಆ ವರ್ಷವೂ ಲಾಭದಲ್ಲೇ ಇತ್ತು. ಆ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೈ ಪಳಗಿದ್ದ ಕೆಲಸಗಾರರು ಈಗ ಎಲ್ಲೆಲ್ಲೋ ಹಂಚಿಹೋಗಿದ್ದಾರೆ. ಅವರನ್ನು ಮತ್ತೆ ಒಟ್ಟುಗೂಡಿಸುವುದು ಯಾರಿಂದಲೂ ಆಗುವ ಮಾತಲ್ಲ.

ಈ ಲೆಕ್ಕ ಎಷ್ಟು ಕಠಿಣ ಅನ್ನುವುದು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ತಿಂಗಳಿಗೆ 100 ಪಾಲು ಮಾಲು ಮಾರುವ ಕಾರ್ಖಾನೆ ಅಂತ ಇಟ್ಟುಕೊಳ್ಳಿ. 30 ದಿನಕ್ಕೆ ದುಡ್ಡು ಬಂದರೆ ಹೊರಗೆ ನಿಂತಿರುವುದು 100 ಪಾಲು. 90 ದಿನ ಆದರೆ 300 ಪಾಲು. ನಡುವಿನ 200 ಪಾಲನ್ನು ಎಲ್ಲಿಂದಾದರೂ ಹೊಂದಿಸಬೇಕು. ನೂರಕ್ಕೆ ಹತ್ತು ಲಾಭ ಸಿಗುವ ವ್ಯಾಪಾರವಾದರೆ, ಆ ಗುಂಡಿ ತುಂಬಲು 20 ತಿಂಗಳ ಲಾಭ ಪೂರ್ತಿ ಹೋಗುತ್ತದೆ. ಮಾಲೀಕರು ಮನೆಗೆ ಒಂದು ಪೈಸೆಯೂ ಒಯ್ಯದೆ. ಇದರ ಮೇಲೆ ತೆರಿಗೆ. ಬಿಲ್ ಹಾಕಿದ ತಿಂಗಳ ಲೆಕ್ಕಕ್ಕೇ ಜಿಎಸ್‌ಟಿ ಸೇರುತ್ತದೆ, ಗಿರಾಕಿ ಕೊಡಲಿ ಬಿಡಲಿ. ಅಂದರೆ ಕೈಗೆ ಬಾರದ ದುಡ್ಡಿನ ಮೇಲೆ ಕೈಯಿಂದ ತೆರಿಗೆ ಕಟ್ಟಬೇಕು. ಇಷ್ಟರ ನಡುವೆ ಆರ್ಡರ್ ಹೆಚ್ಚಾದರೆ ಸಂತೋಷ ಪಡುವ ಹಾಗೂ ಇಲ್ಲ. ಮಾರಾಟ ಏರಿದಷ್ಟೂ ಹೊರಗೆ ನಿಲ್ಲುವ ದುಡ್ಡು ಏರುತ್ತದೆ. ಅನಿಶ್ಚಿತ ಕಾಲದಲ್ಲಿ ಹೊಸ ದೊಡ್ಡ ಆರ್ಡರ್ ಹಿಡಿದು ಮುಳುಗಿದವರು ಇದ್ದಾರೆ. ಆರ್ಡರ್ ಇಲ್ಲದೆ ಮುಳುಗಿದವರ ಬಗ್ಗೆ ಮಾತ್ರ ಎಲ್ಲರೂ ಬರೆಯುತ್ತಾರೆ.

ಆರು ತಿಂಗಳ ಹಣ ಎತ್ತಿಡಿ ಅನ್ನುವ ಸಲಹೆಯನ್ನು ಇದರ ಪಕ್ಕ ಇಟ್ಟು ನೋಡಿ. 2016ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಸಂಶೋಧನಾ ಸಂಸ್ಥೆ ಅಮೆರಿಕದ ಸುಮಾರು 6 ಲಕ್ಷ ಚಿಕ್ಕ ಉದ್ಯಮಗಳ ಖಾತೆಗಳನ್ನು ನೋಡಿ ಒಂದು ಲೆಕ್ಕ ಕೊಟ್ಟಿತು. ಇವತ್ತಿನಿಂದ ಒಂದು ಪೈಸೆಯೂ ಬಾರದೆ ಹೋದರೆ, ನಡುಮಟ್ಟದ ಉದ್ಯಮ 27 ದಿನ ತಳ್ಳಬಹುದು. ಹೋಟೆಲ್‌ಗಳಾದರೆ 16 ದಿನ. ಅಷ್ಟು ಶ್ರೀಮಂತ ದೇಶದಲ್ಲೇ ಪರಿಸ್ಥಿತಿ ಹೀಗಿದೆ. 27 ದಿನದ ಹಣ ಇರುವವರಿಗೆ 90 ದಿನಕ್ಕೆ, 120 ದಿನಕ್ಕೆ ದುಡ್ಡು ಕೊಡುತ್ತೇನೆ ಅನ್ನುವುದು, ಆಮೇಲೆ ಅವರಿಗೇ ಉಳಿತಾಯದ ಪಾಠ ಹೇಳುವುದು, ಇವೆರಡೂ ಒಟ್ಟಿಗೆ ಹೊಂದುವುದಿಲ್ಲ ಅಲ್ವಾ? ಅವರು ಎತ್ತಿಡಬೇಕಾದ ಹಣ ಇದೆ. ಬೇರೆಯವರ ಖಾತೆಯಲ್ಲಿದೆ.

ಒಬ್ಬ ದೊಡ್ಡವರು ತಡಮಾಡಿದರೆ ಅದು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಕ್ಯಾರಿಲಿಯನ್ ಸಾಕು. ಆಸ್ಪತ್ರೆ, ರಸ್ತೆ, ಶಾಲೆ ಕಟ್ಟುವ ದೊಡ್ಡ ಗುತ್ತಿಗೆ ಕಂಪನಿ ಅದು. ಬೇಗ ಬಿಲ್ ಪಾವತಿ ಮಾಡುತ್ತೇವೆ ಅನ್ನುವ ಸರ್ಕಾರದ ಬೆಂಬಲದ ಒಪ್ಪಂದಕ್ಕೆ 2013ರಲ್ಲಿ ಸಹಿಯನ್ನೂ ಹಾಕಿತ್ತು. ನಡೆದದ್ದು 120 ದಿನದ ಪಾವತಿ. ಬೇಗ ಬೇಕು ಅನ್ನುವ ಉಪಗುತ್ತಿಗೆದಾರರು ಸೋಡಿ ಬಿಟ್ಟುಕೊಟ್ಟು ಬ್ಯಾಂಕಿನ ಮೂಲಕ ತೆಗೆದುಕೊಳ್ಳಬೇಕಿತ್ತು. 2018ರ ಜನವರಿ 15ರಂದು ಕಂಪನಿ ಬಿತ್ತು. ಆಗ ಸುಮಾರು 30 ಸಾವಿರ ಸಪ್ಲೈಯರ್, ಉಪಗುತ್ತಿಗೆದಾರರಿಗೆ ಕೊಡಬೇಕಿದ್ದದ್ದು ಸುಮಾರು 200 ಕೋಟಿ ಪೌಂಡ್. ಗಾರೆಯವರು, ವೈರಿಂಗ್‌ನವರು, ಪೈಪ್ ಹಾಕುವವರು. ನಾಲ್ಕು ತಿಂಗಳ ದುಡಿಮೆಯನ್ನು ಬಡ್ಡಿಯಿಲ್ಲದೆ ಸಾಲ ಕೊಟ್ಟವರು ಅವರೇ. ಕೊನೆಗೆ ದುಡ್ಡು ಸಿಗುವ ಸಾಲಿನಲ್ಲಿ ಹಿಂದೆ ನಿಂತವರೂ ಅವರೇ.

ಇನ್ನು ನಾನು ಮಾಲೀಕರಿಗೆ ಏನು ಹೇಳುತ್ತೇನೆ ಅನ್ನುವುದನ್ನೂ ಬರೆಯುತ್ತೇನೆ. ಬಾಕಿ ಬರುವವರೆಗೆ ತಲೆ ಮೇಲೆ ಕೈ ಹೊತ್ತು ಕೂರಲಾಗುವುದಿಲ್ಲ.

ಮೊದಲು 13 ವಾರದ ಹಾಳೆ. ಮೂರು ತಿಂಗಳು ಅಂತ ಒಟ್ಟಿಗೆ ನೋಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ವಾರವಾರ ಬಿಡಿಸಿ ಬರೆದರೆ ಯಾವ ವಾರ ಉಸಿರು ಕಟ್ಟುತ್ತದೆ ಅನ್ನುವುದು ಕಾಣುತ್ತದೆ. ಮೇಲ್ಗಡೆ ವಾರದ ತಾರೀಖು. ಮೊದಲ ಸಾಲು, ಬ್ಯಾಂಕಿನಲ್ಲಿ ಇವತ್ತು ಇರುವ ಹಣ. ಅದರ ಕೆಳಗೆ ಬರುವ ಹಣ. ಇಲ್ಲಿ ಒಂದು ನಿಯಮ ನಾನು ಬಿಡುವುದಿಲ್ಲ: ಬಿಲ್ಲಿನಲ್ಲಿ ಬರೆದ ಗಡುವು ಬೇಡ, ಆ ಪಾರ್ಟಿ ಹಿಂದಿನ ಮೂರು ಸಲ ನಿಜವಾಗಿ ಯಾವಾಗ ಕೊಟ್ಟರೋ ಆ ವಾರಕ್ಕೆ ಬರೆಯಬೇಕು. ನಂತರ ಹೋಗುವ ಹಣ. ಸಂಬಳ, ಪಿಎಫ್, ತೆರಿಗೆ, ಬಾಡಿಗೆ, ಕರೆಂಟು, ಸಾಲದ ಕಂತು, ಕಚ್ಚಾ ಮಾಲು. ವರ್ಷಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಬರುವ ಖರ್ಚುಗಳನ್ನು ಜನ ಮರೆಯುತ್ತಾರೆ. ಬೋನಸ್, ವಿಮೆಯ ಕಂತು, ಲೈಸೆನ್ಸ್ ಶುಲ್ಕ, ಮುಂಗಡ ತೆರಿಗೆ. ಕೆಳಗೆ ಆ ವಾರದ ಕೊನೆಗೆ ಉಳಿಯುವುದೆಷ್ಟು ಅಂತ ಕೂಡಿಸಿ ಕಳೆದರೆ ಆಯಿತು. ಎಲ್ಲಾದರೂ ಒಂದು ವಾರ ಅಂಕಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅದು ಒಂಬತ್ತನೇ ವಾರದಲ್ಲಿದ್ದರೆ ನಮ್ಮ ಕೈಯಲ್ಲಿ ಎಂಟು ವಾರ ಇದೆ ಅಂತಾಯಿತು. ಎಂಟು ವಾರದಲ್ಲಿ ಬಹಳ ಕೆಲಸ ಮಾಡಬಹುದು. ಪ್ರತಿ ಸೋಮವಾರ ಹೋದ ವಾರದ ಅಂದಾಜನ್ನು ನಿಜದ ಜೊತೆ ಇಟ್ಟು ನೋಡಿ, ಮುಂದಕ್ಕೆ ಒಂದು ವಾರ ಸೇರಿಸಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಗೀಟು ಹಾಕಿದ ಹಾಳೆ, ಪೆನ್ಸಿಲ್ ಸಾಕು.

ಎರಡನೆಯದು ಬ್ಯಾಂಕು. ಕಷ್ಟ ಬರುವ ಮೊದಲೇ ಹೋಗಿ ಮಾತಾಡಬೇಕು. ಕಂತು ತಪ್ಪಿದ ಮೇಲೆ ಹೋದರೆ ಮ್ಯಾನೇಜರ್‌ಗೆ ಸಹಾಯ ಮಾಡುವ ಮನಸ್ಸಿದ್ದರೂ ದಾರಿ ಕಡಿಮೆ. ನಮ್ಮಲ್ಲಿ ಕಂತು 90 ದಿನ ಮೀರಿದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಅವರ ಕೈ ಕಟ್ಟಿಹಾಕಿದ ಹಾಗೆ. ಅದಕ್ಕೂ ಮುಂಚೆ ಈ 13 ವಾರದ ಹಾಳೆ ಹಿಡಿದುಕೊಂಡು ಹೋಗಿ, ಇಂಥ ವಾರದಿಂದ ಇಂಥ ವಾರದವರೆಗೆ ಇಷ್ಟು ಕಮ್ಮಿ ಬೀಳುತ್ತದೆ, ಈ ಬಿಲ್ ಬಂದಾಗ ತೀರಿಸುತ್ತೇನೆ ಅಂತ ಹೇಳಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಯಂತ್ರ ಕೊಳ್ಳಲು ಓವರ್‌ಡ್ರಾಫ್ಟ್ ಹಣ ಬಳಸಬೇಡಿ ಅಂತಲೂ ಕೈಮುಗಿದು ಹೇಳುತ್ತೇನೆ. ಐದು ವರ್ಷ ದುಡಿಯುವ ಯಂತ್ರಕ್ಕೆ ಐದು ವರ್ಷದ ಸಾಲ. ಒಂದು ತಿಂಗಳ ಸಂಬಳಕ್ಕೆ ಒಂದು ತಿಂಗಳ ಸಾಲ. ಇದು ಅದಲುಬದಲಾದರೆ ಚೆನ್ನಾಗಿರುವ ಉದ್ಯಮವೂ ನಡುದಾರಿಯಲ್ಲಿ ನಿಲ್ಲುತ್ತದೆ.

ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದಿನದ ಲೆಕ್ಕದಲ್ಲಿ ಬಡ್ಡಿ ಹೇಳಿದರೆ ಅದನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡಿ, ಅಷ್ಟೇ. ಹಾಗೆಯೇ, ಕಾಲ ಕೆಟ್ಟಾಗ ಸಲಹೆಗಾರರು ಜಾಸ್ತಿಯಾಗುತ್ತಾರೆ. ಅವರ ಸಂಪಾದನೆ ನಿಮ್ಮ ಶುಲ್ಕದಿಂದ ಬರುತ್ತದೋ, ಅವರು ಮಾರುವ ಪಾಲಿಸಿಯ ಕಮಿಷನ್ನಿನಿಂದ ಬರುತ್ತದೋ ಅಂತ ಮೊದಲೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯವರು ನೇರವಾಗಿ ಹೇಳುತ್ತಾರೆ.

ಕೆಲಸಗಾರರನ್ನು ತೆಗೆಯುವ ವಿಚಾರ ಮಾತ್ರ ನನಗೆ ಪ್ರತಿಸಲವೂ ಕಷ್ಟ. ಖರ್ಚು ಇಳಿಸಿ ಅಂದ ಕೂಡಲೇ ಎಲ್ಲರ ಕಣ್ಣು ಸಂಬಳದ ಪಟ್ಟಿಯ ಮೇಲೆ ಹೋಗುತ್ತದೆ. 2009ರಲ್ಲಿ ಜರ್ಮನಿಯ ಆರ್ಥಿಕತೆ ನೂರಕ್ಕೆ ಐದಕ್ಕಿಂತ ಜಾಸ್ತಿ ಕುಸಿದಿತ್ತು. ಆದರೂ ಅಲ್ಲಿ ನಿರುದ್ಯೋಗ ಅಷ್ಟೇನೂ ಏರಲಿಲ್ಲ. ಕಾರ್ಖಾನೆಗಳು ಜನರನ್ನು ತೆಗೆಯುವ ಬದಲು ಕೆಲಸದ ಗಂಟೆ ಕಡಿಮೆ ಮಾಡಿದವು. ಕಡಿಮೆಯಾದ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ತುಂಬಿಕೊಟ್ಟಿತು. 10 ಲಕ್ಷಕ್ಕಿಂತ ಹೆಚ್ಚು ಜನ ಹಾಗೆ ಕೆಲಸ ಉಳಿಸಿಕೊಂಡರು. ಬೇಡಿಕೆ ಮರಳಿ ಬಂದಾಗ ಪಳಗಿದ ಕೈಗಳು ಅಲ್ಲೇ ಇದ್ದವು. ಸರ್ಕಾರದ ನೆರವು ಇಲ್ಲದ ಕಡೆ ಇದು ಸುಲಭವಲ್ಲ, ಗೊತ್ತು. ಆದರೂ ನಾಲ್ಕು ಜನರನ್ನು ತೆಗೆಯುವ ಮೊದಲು ಎಲ್ಲರನ್ನೂ ಕೂರಿಸಿ, ಹಾಳೆ ತೋರಿಸಿ, ಎರಡು ತಿಂಗಳು ವಾರಕ್ಕೆ ಒಂದು ದಿನ ಕಡಿಮೆ ದುಡಿಯೋಣವೇ ಅಂತ ಕೇಳಿ ನೋಡಿ ಅಂತ ಹೇಳುತ್ತೇನೆ. ಲೆಕ್ಕ ಮುಚ್ಚಿಡದೆ ತೋರಿಸಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಹಾಗೆ ಒಪ್ಪಿಕೊಂಡು ನಿಂತವರನ್ನು ನಾನು ಕಂಡಿದ್ದೇನೆ.

ಈಗ ಕೊಡುವವರ ಕಡೆಗೆ ಬರುತ್ತೇನೆ. ನಾವು ಬೇರೆಯವರಿಂದ ಬಾಕಿ ಎದುರು ನೋಡುವ ಹಾಗೆಯೇ, ನಮ್ಮಿಂದ ಬಾಕಿ ಎದುರು ನೋಡುವವರೂ ಇದ್ದಾರೆ. ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು, ಪಾಲಿಶ್ ಮಾಡಿಕೊಡುವವರು, ಗಾಡಿ ಓಡಿಸುವವರು. ದುಡ್ಡು ಬಿಗಿಯಾದಾಗ ಸಾಮಾನ್ಯವಾಗಿ ಎಲ್ಲರೂ ಮಾಡುವುದೇನು? ಜೋರಾಗಿ ಕೇಳುವ ದೊಡ್ಡ ಸಪ್ಲೈಯರ್‌ಗೆ ಮೊದಲು, ಸುಮ್ಮನಿರುವ ಚಿಕ್ಕವರಿಗೆ ಕೊನೆಗೆ. ನಾನು ಇದನ್ನು ತಿರುಗಿಸಿ ಅನ್ನುತ್ತೇನೆ. ಚಿಕ್ಕವರ ಬಿಲ್ ಮೊತ್ತವೂ ಚಿಕ್ಕದು. ಅಷ್ಟನ್ನು ಮೊದಲು ತೀರಿಸಿದರೆ ನಮ್ಮ ಹಾಳೆಯಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅವರ ಮನೆಯಲ್ಲಿ ಆಗುತ್ತದೆ. ಪೂರ್ತಿ ಕೊಡಲಾಗದಿದ್ದರೆ ಅರ್ಧ ಕೊಟ್ಟು, ಉಳಿದದ್ದಕ್ಕೆ ಒಂದು ತಾರೀಖು ಹೇಳಿ, ಆ ತಾರೀಖಿಗೆ ಕೊಡಿ. ತಾರೀಖು ಗೊತ್ತಿದ್ದರೆ ಅವರೂ ತಮ್ಮ ಹಾಳೆ ಬರೆದುಕೊಳ್ಳಬಹುದು.

ಹೀಗೆ ನಡೆದುಕೊಂಡ ಒಬ್ಬ ಮಾಲೀಕರ ಲೆಕ್ಕ ಈಗಲೂ ಬರೆಯುತ್ತಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಅವರಿಗೆ ಬರುವ ದುಡ್ಡು ನಿಂತೇಹೋಗಿತ್ತು. ಆಗ ಅವರು ಪಾಲಿಶ್‌ನವರು, ಪೆಟ್ಟಿಗೆಯವರು, ಗಾಡಿಯವರು ಎಲ್ಲರಿಗೂ ತಾವಾಗಿ ಫೋನ್ ಮಾಡಿ, ಅಣ್ಣಾ, ಇಂಥ ದಿನ ಇಷ್ಟು ಹಾಕುತ್ತೇನೆ ಅಂದರು, ಹಾಕಿದರು. ಮುಂದಿನ ವರ್ಷ ಕಚ್ಚಾ ಮಾಲು ಸಿಗದೆ ಎಲ್ಲರೂ ಪರದಾಡುವಾಗ ಇವರ ಸಪ್ಲೈಯರ್ ಇದ್ದದ್ದರಲ್ಲಿ ಮೊದಲ ಲೋಡ್ ಇವರಿಗೇ ಇಳಿಸಿದರು. ಮುಂಗಡ ಕೇಳಲಿಲ್ಲ.

ಒಂದು ಪ್ರದೇಶದ ಉದ್ಯಮಗಳು ಒಟ್ಟಾಗಿ ನಿಲ್ಲುವುದು ಅಂದರೆ ಇಂಥ ನಂಬಿಕೆಯೇ. ಜಪಾನಿನಲ್ಲಿ 1997ರ ಫೆಬ್ರುವರಿ 1ರಂದು ಕರಿಯ ಎಂಬ ಊರಿನ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಎಂಬ ಚಿಕ್ಕ ಭಾಗ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಟೊಯೊಟಾ ಹತ್ತಿರ ಎರಡು ಮೂರು ದಿನಕ್ಕಿಂತ ಜಾಸ್ತಿ ದಾಸ್ತಾನು ಇರಲಿಲ್ಲ. ಕಾರು ತಯಾರಿಕೆ ನಿಂತಿತು. ಆದರೆ ಸುತ್ತಲಿನ ಹತ್ತಾರು ಕಾರ್ಖಾನೆಗಳು ನಕ್ಷೆ ಪಡೆದು, ತಮ್ಮಲ್ಲಿರುವ ಯಂತ್ರಗಳಲ್ಲೇ ಆ ವಾಲ್ವ್ ಮಾಡಲು ಕೂತವು. ಹೊಲಿಗೆ ಯಂತ್ರ ಮಾಡುವ ಕಂಪನಿಯೂ ಕೈಜೋಡಿಸಿತು. ಸುಮಾರು ಒಂದು ವಾರದಲ್ಲಿ ಟೊಯೊಟಾ ಬಹುಮಟ್ಟಿಗೆ ಮೊದಲಿನ ಹಾಗೆ ಓಡತೊಡಗಿತು. ರೇಟು ಎಷ್ಟು, ದುಡ್ಡು ಯಾರು ಕೊಡುತ್ತಾರೆ ಅಂತ ಯಾರೂ ಮೊದಲು ಕೂತು ಚೌಕಾಸಿ ಮಾಡಲಿಲ್ಲ. ಲೆಕ್ಕ ಆಮೇಲೆ ಆಯಿತು, ದುಡ್ಡೂ ಸಂದಿತು. 120 ದಿನ ಬಾಕಿ ಹಿಡಿಯುವ ಕಂಪನಿಗೆ ನಾಳೆ ಬೆಂಕಿ ಬಿದ್ದರೆ ಅದರ ಸಪ್ಲೈಯರ್‌ಗಳು ಹೀಗೆ ರಾತ್ರೋರಾತ್ರಿ ಎದ್ದು ಬರುತ್ತಾರೆಯೇ?

ದುಡ್ಡೇ ಓಡಾಡದ ಕಾಲದಲ್ಲಿ ಚಿಕ್ಕವರು ತಮ್ಮತಮ್ಮಲ್ಲೇ ದಾರಿ ಹುಡುಕಿಕೊಂಡದ್ದೂ ಇದೆ. 1934ರಲ್ಲಿ, ಮಹಾ ಕುಸಿತದ ಹೊತ್ತಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಕೆಲವರು ಸೇರಿ ವಿರ್ ಎಂಬ ಕೂಟ ಕಟ್ಟಿದರು. ನೀನು ನನಗೆ ಮಾಲು ಕೊಡು, ನಿನ್ನ ಲೆಕ್ಕಕ್ಕೆ ಜಮಾ ಆಗುತ್ತದೆ, ಆ ಜಮಾವನ್ನು ಕೂಟದ ಇನ್ನೊಬ್ಬರ ಹತ್ತಿರ ಖರ್ಚು ಮಾಡು ಅನ್ನುವ ಪದ್ಧತಿ. ಅದು ಇವತ್ತಿಗೂ ಬ್ಯಾಂಕಾಗಿ ನಡೆಯುತ್ತಿದೆ. 2008ರ ಕುಸಿತದ ನಂತರ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಸಾರ್ಡೆಕ್ಸ್ ಅಂತ ಇಂಥದೇ ಇನ್ನೊಂದು ಶುರುವಾಯಿತು. ಎಲ್ಲ ಕಡೆಗೂ ಇದು ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅಕ್ಕಪಕ್ಕದ ಉದ್ಯಮಗಳು ಪರಸ್ಪರ ಎಷ್ಟು ಕೊಡಬೇಕು, ಎಷ್ಟು ಬರಬೇಕು ಅಂತ ಒಂದು ಸಲ ಒಟ್ಟಿಗೆ ಕೂತು ಬರೆದರೆ, ಬ್ಯಾಂಕಿಗೆ ಹೋಗದೆಯೇ ಒಂದಷ್ಟು ಬಾಕಿ ವಜಾ ಆಗುತ್ತದೆ. ಇದನ್ನು ಮೂರು ಚಿಕ್ಕ ವರ್ಕ್‌ಶಾಪ್‌ಗಳಿಗೆ ನಾನೇ ಮಾಡಿಕೊಟ್ಟಿದ್ದೇನೆ. ಮೂವರ ಪುಸ್ತಕವೂ ಹಗುರಾಯಿತು.

ಕಾನೂನು ಇಲ್ಲವೇ ಅಂದರೆ, ಇದೆ. ಯುರೋಪಿನ ಒಕ್ಕೂಟದಲ್ಲಿ 2011ರ ನಿರ್ದೇಶನದ ಪ್ರಕಾರ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ 30 ದಿನದಲ್ಲಿ, ಕಂಪನಿಗಳು 60 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ. ನಮ್ಮ ದೇಶದಲ್ಲಿ 2006ರ ಎಂಎಸ್‌ಎಂಇ (ಅತಿ ಚಿಕ್ಕ, ಚಿಕ್ಕ, ಮಧ್ಯಮ ಉದ್ಯಮಗಳ) ಕಾಯ್ದೆ ಇನ್ನೂ ಗಟ್ಟಿ. ಅತಿ ಚಿಕ್ಕ, ಚಿಕ್ಕ ಉದ್ಯಮಗಳಿಗೆ ದುಡ್ಡು ಕೊಡಲು, ಒಪ್ಪಂದ ಏನೇ ಇರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದಾಯ ತೆರಿಗೆಯ 43ಬಿ(ಎಚ್) ಕಲಂ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅತಿ ಚಿಕ್ಕ, ಚಿಕ್ಕ ಉದ್ಯಮಗಳಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಡುವ ವರ್ಷದವರೆಗೆ ಆ ಖರ್ಚನ್ನು ಆದಾಯದಲ್ಲಿ ಕಳೆಯುವಂತಿಲ್ಲ ಅನ್ನುತ್ತಿತ್ತು ಅದು.

ಹಾಗಿದ್ದರೂ ಬಡ್ಡಿ ಕೇಳಿ ಬರೆದ ಪತ್ರ ನನ್ನ ಫೈಲುಗಳಲ್ಲಿ ಬಹಳ ಕಡಿಮೆ. ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ. ಆ ತೆರಿಗೆ ಕಲಂ ಬಂದಾಗ ನನ್ನ ಒಬ್ಬ ಕಕ್ಷಿದಾರರಿಗೆ ಅವರ ಗಿರಾಕಿ ಕಂಪನಿಯಿಂದ ಫೋನ್ ಬಂತು, ನಿಮ್ಮ ಉದ್ಯಮ್ ನೋಂದಣಿ (ಚಿಕ್ಕ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ವಾಪಸ್ ಮಾಡಿಸಿಬಿಡಿ ಅಂತ. ರಕ್ಷಣೆಗೆ ಅಂತ ಕೊಟ್ಟ ಕಾಗದವನ್ನೇ ಬಿಟ್ಟುಕೊಡಿ ಅನ್ನುವ ಧೈರ್ಯ! ನಾವು ಮಾಡಿಸಲಿಲ್ಲ. ಆದರೆ ಒಬ್ಬೊಬ್ಬರಾಗಿ ಇದನ್ನು ಎದುರಿಸುವುದು ಕಷ್ಟ. ಕೈಗಾರಿಕಾ ಸಂಘಗಳು ಸದಸ್ಯರ ಹೆಸರು ಹೇಳದೆ, ಎಲ್ಲರ ಬಾಕಿಯನ್ನೂ ಒಟ್ಟು ಸೇರಿಸಿ, ಸಂಘದ ಹೆಸರಿನಲ್ಲೇ ಪತ್ರ ಬರೆಯಬೇಕು. ಆಗ ಯಾರ ಆರ್ಡರ್ ಕಿತ್ತುಕೊಳ್ಳುತ್ತಾರೆ?

ನಿಮ್ಮ ಪತ್ರಿಕೆಯಿಂದ ನಾನು ಕೇಳುವುದು ಒಂದು ಕೆಲಸ. ಬ್ರಿಟನ್ನಿನಲ್ಲಿ ದೊಡ್ಡ ಕಂಪನಿಗಳು ಸಪ್ಲೈಯರ್‌ಗೆ ಸರಾಸರಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತವೆ ಅನ್ನುವುದನ್ನು 2017ರಿಂದ ಆರು ತಿಂಗಳಿಗೊಮ್ಮೆ ಬಹಿರಂಗವಾಗಿ ಹೇಳಬೇಕು. ನಮ್ಮಲ್ಲೂ 2021ರ ಏಪ್ರಿಲ್‌ನಿಂದ ಕಂಪನಿಗಳ ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದು ಪಟ್ಟಿ ಕಡ್ಡಾಯವಾಗಿದೆ. ಸಪ್ಲೈಯರ್‌ಗಳಿಗೆ ಕೊಡಬೇಕಾದ ಬಾಕಿ ಎಷ್ಟು ಹಳೆಯದು, ಅದರಲ್ಲಿ ಎಂಎಸ್‌ಎಂಇಗಳದ್ದು ಎಷ್ಟು ಅಂತ ಅದರಲ್ಲಿ ಬೇರೆಬೇರೆಯಾಗಿ ತೋರಿಸಬೇಕು. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಯಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಸಾಮಾನ್ಯವಾಗಿ ಟಿಪ್ಪಣಿಗಳ ಒಳಗೆ, ಟ್ರೇಡ್ ಪೇಯಬಲ್ಸ್ ಅನ್ನುವ ತಲೆಬರಹದ ಕೆಳಗೆ ಇರುತ್ತದೆ.

ನೀವು ಪ್ರತಿ ವರ್ಷ ಕಂಪನಿಗಳ ಫಲಿತಾಂಶ ಹಾಕುವಾಗ ಲಾಭ ಎಷ್ಟು, ಡಿವಿಡೆಂಡ್ ಎಷ್ಟು ಅಂತ ಹಾಕುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಚಿಕ್ಕ ಉದ್ಯಮಗಳಿಗೆ ಈ ಕಂಪನಿ ಕೊಡಬೇಕಾದ ಬಾಕಿ ಇಷ್ಟು, ಅದರಲ್ಲಿ ಒಂದು ವರ್ಷ ದಾಟಿದ್ದು ಇಷ್ಟು. ಆ ಟಿಪ್ಪಣಿ ಹುಡುಕಿ ಓದುವುದು ನಿಮ್ಮ ವರದಿಗಾರರಿಗೆ ಹೊಸದಾದರೆ, ಯಾವ ಪುಟದಲ್ಲಿ ಏನು ನೋಡಬೇಕು ಅಂತ ತೋರಿಸಿಕೊಡಲು ನಾನು ಸಿದ್ಧ. ಮಾರ್ಚ್ ಮುಗಿದ ಮೇಲೆ ಏಪ್ರಿಲ್‌ನಿಂದಲೇ ವಾರ್ಷಿಕ ಫಲಿತಾಂಶ ಬರಲು ಶುರುವಾಗುತ್ತವೆ. ಪೂರ್ತಿ ವರದಿಗಳು ಅದರ ಹಿಂದೆಯೇ ಬರುತ್ತವೆ. ಆಗಿನಿಂದಲೇ ಶುರು ಮಾಡಬಹುದು.

ಇತಿ ನಿಮ್ಮ ವಿಶ್ವಾಸಿ,
ಚಿಕ್ಕ ಉದ್ಯಮಗಳ ಲೆಕ್ಕ ಬರೆಯುವ ಒಬ್ಬ ಓದುಗಾರ್ತಿ